ಜಡೆ ನುಂಗಿದ ಮೇಕೆಯವರಿಗೆ

ಮಾನ್ಯರೇ,

ನೂಲಿನ ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ, ಹಸಿರು ಗುಡ್ಡದ ಮುಂದೆ, ಕತ್ತನ್ನು ಕೊಂಚ ಓರೆ ಮಾಡಿ ಮುಗುಳ್ನಗುತ್ತಾ ನಿಂತಿರುವ ಮೇಕೆಯವರಾದ ತಮ್ಮ ಸನ್ನಿಧಾನಕ್ಕೆ ಈ ಬಡ ಹೆಣಿಗೆಗಾರ್ತಿಯ ಅನಂತ ನಮಸ್ಕಾರಗಳು. ತಮ್ಮನ್ನು ಶ್ರೀಮಾನ್ ಎನ್ನಬೇಕೋ ಶ್ರೀಮತಿ ಎನ್ನಬೇಕೋ ತಿಳಿಯದೆ ಬಹಳ ಹೊತ್ತು ಪೇಚಾಡಿದೆ. ಚಿತ್ರದಲ್ಲಿ ಗಡ್ಡವೇನೋ ಸ್ಪಷ್ಟವಾಗಿದೆ. ಆದರೆ ತಮ್ಮ ಕುಲದಲ್ಲಿ ಹೆಂಗಸರೂ ಗಡ್ಡ ಬಿಡುತ್ತಾರೆಂದು ನಮ್ಮ ಯಜಮಾನರು ಹೇಳಿದ ಮೇಲೆ, ಯಾರ ಮನಸ್ಸಿಗೂ ನೋವಾಗುವುದು ಬೇಡವೆಂದು 'ಮಾನ್ಯರೇ' ಎಂಬಲ್ಲಿಗೆ ನಿಲ್ಲಿಸಿದ್ದೇನೆ. ತಾವು, ತಮ್ಮ ಮರಿಗಳು, ತಮ್ಮ ಗುಡ್ಡ, ಗುಡ್ಡದ ಮೇಲಿನ ಹುಲ್ಲು ಎಲ್ಲವೂ ಕ್ಷೇಮವೆಂದು ಭಾವಿಸುತ್ತೇನೆ. ಇಲ್ಲಿ ನಾವೂ ಕ್ಷೇಮ, ಆಗಾಗ ಸೀನುವುದೊಂದನ್ನು ಬಿಟ್ಟರೆ.

ಈ ಪತ್ರವನ್ನು ಹೀಗೆ ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದಕ್ಕೆ ಬೇಸರಿಸಬಾರದು. ಖಾಸಗಿಯಾಗಿ ಕಳಿಸಿದ ಕಾಗದ ತಮ್ಮನ್ನು ತಲುಪಿದರೂ, ತಲುಪಿದ ಮೇಲೆ ಅದು ಎಲ್ಲಿಗೆ ಇಳಿಯುತ್ತದೆಂಬುದು ಲೋಕಕ್ಕೇ ಗೊತ್ತಿರುವ ಸಂಗತಿ.

ಮೊದಲು ನನ್ನ ಪರಿಚಯ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂಲೆಯ ಕಿಟಕಿಯ ಹಿಂದೆ ಕೂರುವ ಹೆಂಗಸು ನಾನು. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಕೆಲವರು, ಬಂದದ್ದು ನಿಲ್ಲುವುದಿಲ್ಲವೆಂದು ಕೆಲವರು, ಬಂದದ್ದು ನೀರೇ ಅಲ್ಲವೆಂದು ಉಳಿದವರು ನನ್ನ ಮುಂದೆ ಬಂದು ನಿಲ್ಲುತ್ತಾರೆ. ಅವರೆಲ್ಲರ ಅರ್ಜಿಗಳ ಮೇಲೂ 'ಪರಿಶೀಲನೆಯಲ್ಲಿದೆ' ಎಂಬ ಮುದ್ರೆಯನ್ನು ಸಮಾನ ಭಾವದಿಂದ ಒತ್ತಿ ಕಳಿಸುವುದು ನನ್ನ ಉದ್ಯೋಗ. ಹೀಗೆ ಜೀವಮಾನವಿಡೀ ದೂರು ಕೇಳಿಸಿಕೊಂಡವಳಿಗೆ ಒಮ್ಮೆಯಾದರೂ ದೂರು ಕೊಡುವ ಸುಖ ಬೇಡವೇ? ಆ ಸುಖವನ್ನು ಕರುಣಿಸಿದ್ದಕ್ಕಾಗಿ ನನ್ನ ಮೊದಲ ಧನ್ಯವಾದ ತಮಗೇ ಸಲ್ಲಬೇಕು.

ವಿಷಯ ನನ್ನ ಅಕ್ಕನದು. ನಮ್ಮ ಮೇಲಿನ ಮನೆಯಲ್ಲಿರುವ ಅಕ್ಕನನ್ನು ಬೀದಿಯವರೆಲ್ಲ ಸ್ವೆಟರಕ್ಕ ಎಂದೇ ಕರೆಯುತ್ತಾರೆ. ಈ ಬೀದಿಯಲ್ಲಿ ಅವಳ ಕೈಯ ಸ್ವೆಟರು ತೊಡದೆ ಬೆಳೆದವರು ಕಡಿಮೆ. ರಸ್ತೆಯ ಆ ಬದಿಯಲ್ಲಿ ಯಾರೋ ನಡೆದು ಹೋಗುತ್ತಿದ್ದರೆ ಈ ಬದಿಯಲ್ಲಿ ನಿಂತು, ಅವರು ತೊಟ್ಟದ್ದು ಯಾವ ನೂಲು, ಅದರ ಹುರಿ ಬಿಗಿಯೋ ಸಡಿಲವೋ, ಎಡತೋಳು ಹೆಣೆಯುವಾಗ ಹೆಣೆದವಳಿಗೆ ಸಿಟ್ಟು ಬಂದಿತ್ತೋ ಇಲ್ಲವೋ ಎಂದು ಹೇಳಬಲ್ಲವಳು ಅವಳು. ಅವಳದೇ ಆದ ಒಂದು ಹೆಣಿಗೆಯಿದೆ: ಐದೆಳೆಯ ಜಡೆ. ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸುತ್ತಾ ಹೋದಂತೆ ಎದೆಯ ಮೇಲೆ ಜಡೆಯೊಂದು ಉಬ್ಬಿ ಬರುತ್ತದೆ, ನಡುವಿನ ಹತ್ತಿರ ಬಿಡಿಬಿಡಿಯಾಗಿ ಚದುರಿ, ಅಂಚಿಗೆ ಬರುವಷ್ಟರಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ನೋಡಿದವರು ಒಮ್ಮೆ ಬೆರಳಿನಿಂದ ಮುಟ್ಟದೆ ಮುಂದೆ ಹೋದದ್ದಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕನ ಕೈಗೆ ನಡುಕ ಬಂತು. ಲೋಟ ಹಿಡಿದರೆ ಚಹಾ ಸೆರಗಿಗೆ, ಕಡ್ಡಿ ಹಿಡಿದರೆ ಕುಣಿಕೆಗಳು ಒಂದೊಂದಾಗಿ ಮಡಿಲಿಗೆ. ಡಾಕ್ಟರು ಮಾತ್ರೆ ಕೊಟ್ಟರು, ಮಾತ್ರೆಗೆ ನಡುಕ ಕೊಂಚ ತಗ್ಗಿತು, ಆದರೆ ಹೆಣೆಯುವಷ್ಟು ತಗ್ಗಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಯಾರಿಗೂ ಹೇಳದೆ ಕೇಳದೆ ತನ್ನ ಹೆಣಿಗೆ ಕಡ್ಡಿಗಳನ್ನು ಒಯ್ದು, ಬಾಲ್ಕನಿಯ ಕುಂಡದಲ್ಲಿ ಬಟಾಣಿ ಬಳ್ಳಿಗೆ ಆಸರೆಯಾಗಿ ನೆಟ್ಟುಬಿಟ್ಟಳು. ಬಳ್ಳಿ ಬಹಳ ಸಂತೋಷದಿಂದ ಅವನ್ನು ಹಬ್ಬಿಕೊಂಡಿತು. ಅಂದಿನಿಂದ ಅಕ್ಕ ಸ್ವೆಟರುಗಳತ್ತ ನೋಡುವುದನ್ನೇ ಬಿಟ್ಟಳು. ಎದುರಿಗೆ ಯಾರಾದರೂ ತೊಟ್ಟು ಬಂದರೆ ಅವರ ಚಪ್ಪಲಿ ನೋಡುತ್ತಾ ಮಾತಾಡುತ್ತಿದ್ದಳು. ಬೈಯುವುದನ್ನೂ ನಿಲ್ಲಿಸಿದಳು. ಅಕ್ಕ ಬೈಯದ ಮನೆಯಲ್ಲಿ ಇರುವುದು ಎಷ್ಟು ಕಷ್ಟವೆಂದು ತಮಗೆ ಹೇಗೆ ಹೇಳಲಿ? ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಕಡ್ಡಿಗಳು ಕುಂಡದಿಂದ ಹೊರಗೆ ಬರಬೇಕು. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಅವಳ ಐದೆಳೆಯ ಜಡೆಯನ್ನು ನನ್ನ ಕೈಯಾರೆ ಹೆಣೆದು ಅವಳಿಗೇ ತೊಡಿಸುವುದು. ಮೆಚ್ಚದಿದ್ದರೆ ಬೇಡ, ಬೈಯುವುದಕ್ಕಾದರೂ ಅವಳು ಅದನ್ನು ನೋಡಲೇಬೇಕಲ್ಲ!

ಇನ್ನು ನನ್ನ ಹೆಣಿಗೆಯ ಯೋಗ್ಯತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ತಮಗೆ ಅನ್ಯಾಯವಾದೀತು. ನನ್ನ ಕೈ ಕೆಟ್ಟದ್ದಲ್ಲ. ನನ್ನ ಕಣ್ಣು ಕೆಟ್ಟದ್ದು. ನೂಲಂಗಡಿಗೆ ಹೋದರೆ ನಾನು ಮಿಠಾಯಿ ಅಂಗಡಿಗೆ ಹೊಕ್ಕ ಮಗುವಾಗುತ್ತೇನೆ. ಹಿಂದೊಮ್ಮೆ ನಮ್ಮ ಯಜಮಾನರಿಗೆಂದು ಹತ್ತಿಯ ನೂಲಿನಲ್ಲಿ ಸ್ವೆಟರು ಹೆಣೆದೆ. ಉಂಡೆಯಲ್ಲಿ ಅದು ತಣ್ಣಗೆ, ಸಭ್ಯವಾಗಿತ್ತು. ತೊಟ್ಟ ಮೇಲೆ ತನ್ನ ಭಾರಕ್ಕೆ ತಾನೇ ಇಳಿಯತೊಡಗಿತು, ಪ್ರತಿ ಒಗೆತಕ್ಕೂ ಇನ್ನಷ್ಟು ಇಳಿದು ಈಗ ಮೊಣಕಾಲು ಮುಟ್ಟಿದೆ, ಯಜಮಾನರು ಅದನ್ನು ತೊಟ್ಟಾಗ ಬೇರೇನೂ ತೊಡುವ ಅಗತ್ಯ ಕಾಣುವುದಿಲ್ಲ. ಅಳಿಯನಿಗೆಂದು ಬಣ್ಣಬಣ್ಣದ ನೂಲು ತಂದೆ. ಉಂಡೆಯಲ್ಲಿ ಕೆಂಪು, ಹಳದಿ, ನೀಲಿ ಅಕ್ಕಪಕ್ಕ ಎಷ್ಟು ಅನ್ಯೋನ್ಯವಾಗಿದ್ದವೆಂದರೆ, ಇವು ಮುಂದೆ ಜಗಳವಾಡಿ ಬೇರೆಬೇರೆ ಮನೆ ಮಾಡುತ್ತವೆಂದು ಯಾರೂ ಊಹಿಸುವಂತಿರಲಿಲ್ಲ. ಹೆಣೆಯುತ್ತಾ ಹೋದಂತೆ ಕೆಂಪೆಲ್ಲ ಹೊಟ್ಟೆಯ ಮೇಲೆ ಬಂದು ಗುಂಪು ಕೂಡಿತು. ಅಳಿಯ ಒಳ್ಳೆಯವನು, ಅದನ್ನು ತೊಟ್ಟು ಬರುತ್ತಾನೆ, ಫೋಟೋ ತೆಗೆಯುವಾಗ ಮಾತ್ರ ಕೈ ಕಟ್ಟಿಕೊಳ್ಳುತ್ತಾನೆ.

ಇದನ್ನೆಲ್ಲ ಕಂಡ ಅಕ್ಕ ಹಿಂದಿನಿಂದಲೂ ನನಗೆ ಹೇಳುತ್ತಾ ಬಂದದ್ದು ಒಂದೇ ಮಾತು: "ಉಂಡೆ ನೋಡಿ ಮರುಳಾಗ್ಬೇಡ ಕಣೇ. ಅಂಗೈಯಗಲ ಒಂದು ತುಂಡು ಹೆಣಿ, ಗೋಡೆಗೆ ಚುಚ್ಚು, ಬಾಗ್ಲ ಹತ್ರ ನಿಂತು ನೋಡು. ಅಲ್ಲಿಂದ ಏನ್ ಕಾಣತ್ತೋ ಅದೇ ನಿನ್ ಸ್ವೆಟರು." ಈ ಮಾತನ್ನು ನಾನು ಪ್ರತಿ ಸಲವೂ ತಪ್ಪದೆ ಕೇಳಿದ್ದೇನೆ, ಪ್ರತಿ ಸಲವೂ ತಪ್ಪದೆ ಮರೆತಿದ್ದೇನೆ.

ಹೀಗಿರುವಾಗ ತಮ್ಮ ದರ್ಶನವಾಯಿತು. ಅಕ್ಕನ ಕುತ್ತಿಗೆಗೆ ಕುರಿಯ ಉಣ್ಣೆ ಚುಚ್ಚುತ್ತದೆ, ಮೆತ್ತಗಿನದೇನಾದರೂ ಇದೆಯೇ ಎಂದು ನೂಲಂಗಡಿಯಾಕೆಯನ್ನು ಕೇಳಿದೆ. ಆಕೆ ಏಣಿ ಹತ್ತಿ, ಎಲ್ಲಕ್ಕಿಂತ ಮೇಲಿನ ಗೂಡಿನಿಂದ ತಮ್ಮ ಮೈಗೂದಲಿನ ನೂಲನ್ನು, ಮೊಹೇರ್ ಎಂದು ಹೆಸರಿಟ್ಟುಕೊಂಡಿರುವ ಆ ಬೂದು ಬಣ್ಣದ ಮಾಯೆಯನ್ನು ಇಳಿಸಿ ನನ್ನ ಕೆನ್ನೆಗೆ ಒತ್ತಿದಳು. "ಇದು ನೂಲಲ್ಲ ಮೇಡಂ, ಮೋಡ," ಎಂದಳು. ನಾನು ಕಣ್ಣು ಮುಚ್ಚಿದೆ. ಮೋಡದಲ್ಲಿ ಜಡೆ ಹೆಣೆದರೆ ಯಾರಿಗೆ ಕಾಣುತ್ತದೆಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಆಕೆಗೆ ಹೊಳೆದಿರಬಹುದು, ಆದರೆ ಅಂಗಡಿ ನಡೆಸುವವರು ಹೊಳೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಕೂತರೆ ಅಂಗಡಿ ನಡೆದೀತೇ? ತಾವು ಪಟ್ಟಿಯ ಮೇಲಿಂದ ನನ್ನನ್ನೇ ನೋಡಿ ನಗುತ್ತಿದ್ದಿರಿ. ಅದು ಸ್ವಾಗತದ ನಗೆಯೆಂದು ನಾನು ತಪ್ಪು ತಿಳಿದೆ.

ಆಮೇಲೆ ಕಚೇರಿಯಲ್ಲಿ, ದೂರುದಾರರ ನಡುವೆ ಬಿಡುವು ಸಿಕ್ಕಾಗಲೆಲ್ಲ ಮೇಜಿನ ಕೆಳಗೆ ಹೆಣೆದೆ. ತಮ್ಮ ಕೂದಲು ನನ್ನ ಮೂಗಿಗೆ, ಫೈಲಿಗೆ, ಚಹಾಕ್ಕೆ, ಕೊನೆಗೆ ಮುದ್ರೆಯ ಮಸಿಡಬ್ಬಿಗೂ ಬಿತ್ತು. ಆ ತಿಂಗಳು ನಮ್ಮ ಕಚೇರಿಯಿಂದ ಹೋದ ಪ್ರತಿಯೊಂದು ಪತ್ರದಲ್ಲೂ 'ಪರಿಶೀಲನೆಯಲ್ಲಿದೆ' ಎಂಬುದರ ಕೆಳಗೆ ಸಣ್ಣದೊಂದು ಗಡ್ಡ ಮೂಡಿತ್ತು. ಮೇಲಧಿಕಾರಿಗಳು ಅದನ್ನು ಹೊಸ ಮುದ್ರೆಯೆಂದು ಭಾವಿಸಿ ಮೆಚ್ಚಿಕೊಂಡರು. ನಾನು ಮಾತ್ರ ತಲೆ ಎತ್ತದೆ ಕುಣಿಕೆ ದಾಟಿಸುತ್ತಿದ್ದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಐದೆಳೆಯೂ ಸರಿಯಾಗಿ ಬಂತು, ನಡುವಿನಲ್ಲಿ ಚದುರಿತು, ಅಂಚಿನಲ್ಲಿ ಕೂಡಿತು. ಬೆರಳಿಗೆ ಗೊತ್ತಾಗುತ್ತಿತ್ತು. ಕಣ್ಣಿಗೆ ಕಾಣುತ್ತಿಲ್ಲವಲ್ಲ ಎಂದು ಅನುಮಾನ ಬಂದಾಗ, ಕಚೇರಿಯ ದೀಪ ಮಂದವೆಂದು ದೀಪಕ್ಕೆ ಬೈದುಕೊಂಡೆ.

ಮುಗಿಸಿ, ಕುರ್ಚಿಯ ಬೆನ್ನಿಗೆ ತೊಡಿಸಿ, ಬಾಗಿಲ ಹತ್ತಿರ ನಿಂತು ನೋಡಿದೆ. ಮಾನ್ಯರೇ, ಜಡೆ ಇರಲಿಲ್ಲ. ಒಂದು ಕುರ್ಚಿಗೆ ದಪ್ಪಗೆ ಬೂಷ್ಟು ಬಂದಂತಿತ್ತು, ಅಷ್ಟೇ. ನಮ್ಮ ಯಜಮಾನರು ಕನ್ನಡಕ ಒರೆಸಿಕೊಂಡು ಬಂದು, "ಚೆನ್ನಾಗಿದೆ, ಆದ್ರೆ ಇದನ್ನ ಯಾವಾಗ ಬಾಚ್ತೀಯ?" ಎಂದರು. ಕಚೇರಿಗೆ ಒಯ್ದು ತೋರಿಸಿದರೆ, ಪಕ್ಕದ ಕಿಟಕಿಯ ಸಹೋದ್ಯೋಗಿ ಎದೆಯ ಭಾಗವನ್ನು ಮೆಲ್ಲಗೆ ಒತ್ತಿ, "ಒಳಗೆ ಹತ್ತಿ ತುಂಬಿದೀರಾ?" ಎಂದು ಕೇಳಿದಳು. ಅಳಿಯ ಅಭ್ಯಾಸಬಲದಿಂದ ಕೈ ಕಟ್ಟಿಕೊಂಡ. ನನ್ನ ಅಷ್ಟೂ ದಿನದ ಎಡಕ್ಕೆ ಬಲಕ್ಕೆಗಳನ್ನು ತಾವು ಸದ್ದಿಲ್ಲದೆ ನುಂಗಿ ಕೂತಿದ್ದಿರಿ. ಆ ಸಂಜೆ ನಾನು ಅತ್ತೆ. ಅತ್ತಾಗಲೂ ಕಣ್ಣೊಳಗೆ ತಮ್ಮದೊಂದು ಕೂದಲಿತ್ತು.

ತಮ್ಮ ಪ್ರತಿಭೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ತಮ್ಮ ಸಹೋದ್ಯೋಗಿಗಳಾದ ಕುರಿಯವರು ಎಂಥ ಸಾಧು ಸ್ವಭಾವದವರು! ಅವರ ಉಣ್ಣೆಯನ್ನು ದುಂಡಗೆ ಹುರಿಮಾಡಿ ನುಣುಪಾಗಿ ಕೊಟ್ಟರೆ, ಅದು ತಾನು ಹಿಂದೆ ಸರಿದು ಹೆಣಿಗೆಯನ್ನು ಮುಂದೆ ನಿಲ್ಲಿಸುತ್ತದೆ, ಒಂದೊಂದು ಕುಣಿಕೆಯನ್ನೂ ಎಣಿಸಿಕೋ ಎಂದು ತೋರಿಸುತ್ತದೆ. ತಮಗೆ ಅಂಥ ಸಂಕೋಚಗಳಿಲ್ಲ. ಹೆಣೆದವಳು ಯಾರಾದರೂ ಇರಲಿ, ಹೆಣೆದದ್ದು ಏನಾದರೂ ಇರಲಿ, ಕಾಣಬೇಕಾದದ್ದು ಮೇಕೆಯೇ ಎಂಬುದು ತಮ್ಮ ನಿಲುವು. ಇಷ್ಟು ಆತ್ಮವಿಶ್ವಾಸ ನಮ್ಮ ಮೇಲಧಿಕಾರಿಗಳಲ್ಲೂ ನಾನು ಕಂಡಿಲ್ಲ. ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳಿವೆ. ಜಡೆ ಹೆಣೆಯುವ ಹೆಂಗಸರು ಅಂಗಡಿಗೆ ಬರುವ ಚಳಿಗಾಲದಲ್ಲಿ ತಾವು ದಯಮಾಡಿ ಬೋಳಾಗಿರತಕ್ಕದ್ದು. ಅದು ಆರೋಗ್ಯದೃಷ್ಟಿಯಿಂದ ಸಾಧ್ಯವಾಗದಿದ್ದಲ್ಲಿ, ಒಂದೊಂದು ಸ್ವೆಟರಿನ ಜೊತೆಗೂ ತಾವೇ ಖುದ್ದಾಗಿ ಬಂದು, ನೋಡುವವರು ಎದುರಾದಾಗಲೆಲ್ಲ ಕೂದಲನ್ನು ಎರಡು ಬದಿಗೆ ಬಾಚಿ ಬೈತಲೆ ತೆಗೆದು ಜಡೆಯನ್ನು ತೋರಿಸತಕ್ಕದ್ದು. ಅದೂ ಆಗದಿದ್ದರೆ, ಕಡೆಯ ಪಕ್ಷ ಆ ಪಟ್ಟಿಯ ಮೇಲೆ ನಗುವುದನ್ನು ನಿಲ್ಲಿಸಿ, ಇಂಥವಳು ಎದುರಿಗೆ ಬಂದಾಗ ಕೊಂಚ ಎಚ್ಚರಿಕೆಯ ಮುಖ ಮಾಡತಕ್ಕದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ಬಿಚ್ಚಿ ಮತ್ತೆ ಹೆಣೆಯೋಣವೆಂದು ತುದಿ ಹಿಡಿದು ಎಳೆದರೆ, ತಮ್ಮ ಕೂದಲುಗಳು ಒಂದನ್ನೊಂದು ತಬ್ಬಿಕೊಂಡು ಬಿಡಲೊಲ್ಲವು. ಎಷ್ಟು ಎಳೆದರೂ ಇಂಥ ಅಗಲಿಕೆಯನ್ನು ಸಹಿಸೆವೆಂದು ಗಂಟಾಗುತ್ತವೆ. ನೂಲಂಗಡಿಗೆ ಓಡಿದೆ. ಆಕೆ ಸ್ವಲ್ಪವೂ ಗಾಬರಿಯಾಗದೆ, "ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಲ್ಲಿ ಇಡಿ ಮೇಡಂ, ಚಳಿಗೆ ಕೂದ್ಲು ಸೆಟೆದುಕೊಂಡು ಬಿಡಿಸೋಕೆ ಸುಲಭ ಆಗತ್ತೆ," ಎಂದಳು. ಚಳಿಯಿಂದ ಕಾಪಾಡಲೆಂದು ಹೆಣೆದ ಸ್ವೆಟರಿಗೇ ಚಳಿ ಹಿಡಿಸುವ ಈ ಕಲೆ ತಮ್ಮ ನೂಲಿನಿಂದಲೇ ಲೋಕಕ್ಕೆ ದೊರೆತದ್ದಿರಬೇಕು. ಕವರು ಎಂದದ್ದನ್ನು ನಾನು ಮರೆತು, ಸ್ವೆಟರನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಇಟ್ಟೆ. ನಮ್ಮ ಫ್ರಿಜ್ಜಿಗೋ ವಯಸ್ಸಾಗಿದೆ. ಕರೆಂಟು ಹೋದಾಗ ಅಳುತ್ತದೆ, ಬಂದಾಗ ಅತ್ತದ್ದೆಲ್ಲ ಹೆಪ್ಪುಗಟ್ಟುತ್ತದೆ. ಎರಡೇ ದಿನದಲ್ಲಿ ಸ್ವೆಟರು ಮಂಜಿನ ಹಲಗೆಯಾಗಿ, ಚೀಲದಿಂದ ಒಂದು ತೋಳನ್ನು ಹೊರಗೆ ಚಾಚಿ ಮಲಗಿತ್ತು.

ಇದಾವುದನ್ನೂ ಅರಿಯದ ನಮ್ಮ ಯಜಮಾನರು ಶರಬತ್ತಿಗೆ ಐಸು ಬೇಕೆಂದು ಬಾಗಿಲು ತೆಗೆದರು. "ಲೇ, ಬಾರೇ ಇಲ್ಲಿ! ಫ್ರೀಜರಲ್ಲಿ ಏನೋ ಸತ್ತು ಬಿದ್ದಿದೆ!" ಎಂದು ಅವರು ಕಿರುಚಿದ್ದು ಮೇಲಿನ ಮನೆಗೂ ಕೇಳಿಸಿತು. ನಾನು ಅಡುಗೆಮನೆಗೆ ಓಡಿ ಬರುವಷ್ಟರಲ್ಲಿ ಅವರು ಆ ಪ್ರಾಣಿಯನ್ನು ಇಕ್ಕಳದಲ್ಲಿ ಹಿಡಿದು ಸಿಂಕಿಗೆ ಎಸೆದು, ನಲ್ಲಿ ತಿರುಗಿಸಿಬಿಟ್ಟಿದ್ದರು. ನಮ್ಮ ಕಚೇರಿಯ ಮಹಿಮೆಯೋ, ತಮ್ಮ ಪುಣ್ಯವೋ, ಅಂದು ನಲ್ಲಿಯಲ್ಲಿ ನೀರಿತ್ತು.

ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದು ಬಾಗಿಲ ಹತ್ತಿರ ನಿಂತಳು. ಏನು ಸತ್ತಿದೆ ಎಂದು ನೋಡಲು ಬಂದವಳ ಕಣ್ಣು ಸಿಂಕಿನ ಮೇಲೆ ಬಿತ್ತು, ಅಲ್ಲೇ ನಿಂತಿತು. ಏಕೆಂದರೆ, ಮಾನ್ಯರೇ, ನೀರು ಬಿದ್ದಂತೆ ಮಂಜು ಕರಗುತ್ತಿತ್ತು, ಮಂಜು ಕರಗಿದಂತೆ ತಮ್ಮ ಕೂದಲು ತೊಯ್ದು ನೂಲಿಗೆ ಅಂಟಿಕೊಳ್ಳುತ್ತಿತ್ತು, ಕೂದಲು ಅಂಟಿಕೊಂಡಂತೆ ಕೆಳಗಿನಿಂದ ಜಡೆ ಎದ್ದು ಬರುತ್ತಿತ್ತು. ಮೊದಲು ಕುತ್ತಿಗೆಯ ಹತ್ತಿರದ ತಿರುವು, ಆಮೇಲೆ ಎದೆ, ಆಮೇಲೆ ನಡುವಿನ ಚದುರಿಕೆ. ಐದೂ ಎಳೆ. ನಾನು ಹೆಣೆದದ್ದನ್ನು ನಾನೂ ಮೊದಲ ಸಲ ನೋಡಿದ್ದು ಆಗಲೇ. ಯಜಮಾನರು ಇಕ್ಕಳ ಹಿಡಿದುಕೊಂಡೇ ನಿಂತಿದ್ದರು.

ಅಕ್ಕ ಸಿಂಕಿನ ಹತ್ತಿರ ಬಂದಳು. ನಡುಗುವ ಬೆರಳನ್ನು ಜಡೆಯ ಮೇಲಿಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸಿಕೊಂಡು ಬಂದಳು. "ಇದು ನನ್ ಜಡೆ ಅಲ್ವೇನೇ?" ಎಂದಳು. ನಾನು ಹೌದೆಂದು ತಲೆಯಾಡಿಸುವಷ್ಟರಲ್ಲಿ ಬೆರಳು ಎಡ ಪಕ್ಕೆಯ ಹತ್ತಿರ ಗಕ್ಕನೆ ನಿಂತಿತು. "ಇಲ್ಲಿ ಎಡಕ್ಕೆ ದಾಟಿಸ್ಬೇಕಿತ್ತು, ಬಲಕ್ಕೆ ದಾಟಿಸಿದೀಯ. ಅದಿರ್ಲಿ, ಜಡೆ ಹೆಣಿಯೋದಕ್ಕೆ ಮೇಕೆ ಕೂದ್ಲು ತಂದ್ಯಾ? ಬುದ್ಧಿ ಎಲ್ಲಿಟ್ಟಿದ್ದೆ? ತುಂಡು ಹೆಣೆದು ನೋಡಿದ್ಯಾ? ಇಲ್ಲ! ಫ್ರೀಜರಲ್ಲಿ ಬೇರೆ ಇಟ್ಟಿದಾಳೆ, ಮೀನೇನೇ ಇದು?" ಹೀಗೆ ಶುರುವಾದದ್ದು ಶರಬತ್ತಿನ ಐಸೆಲ್ಲ ಕರಗಿ ನೀರಾಗುವವರೆಗೂ ನಿಲ್ಲಲಿಲ್ಲ. ಇಷ್ಟು ದಿನ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಅಕ್ಕ ಒಂದೇ ಸಲಕ್ಕೆ ಕೊಟ್ಟಳು. ನಾನು ಅಷ್ಟು ಸಂತೋಷದಿಂದ ಯಾವ ಹೊಗಳಿಕೆಯನ್ನೂ ಕೇಳಿಸಿಕೊಂಡವಳಲ್ಲ.

ಬೈದು ಮುಗಿಸಿ ಅವಳು ದಡದಡನೆ ಮೇಲೆ ಹೋದಾಗ, ಸಿಟ್ಟು ಮಾಡಿಕೊಂಡು ಹೋದಳೆಂದೇ ತಿಳಿದೆ. ತಿರುಗಿ ಬಂದಾಗ ಅವಳ ಕೈಯಲ್ಲಿ ಕಡ್ಡಿಗಳಿದ್ದವು. ತುದಿಗೆ ಮಣ್ಣು, ಮೇಲೆ ಬಟಾಣಿ ಬಳ್ಳಿಯ ಕುಡಿಯೊಂದು ಇನ್ನೂ ಸುತ್ತಿಕೊಂಡಿತ್ತು. ಅದೇ ನಲ್ಲಿಯ ಕೆಳಗೆ ಅವನ್ನು ತೊಳೆದು, ಸೆರಗಿನಲ್ಲಿ ಒರೆಸಿ ನನ್ನತ್ತ ಚಾಚಿದಳು. "ಹಿಡ್ಕೋ. ನನ್ ಕೈಲಂತೂ ಆಗಲ್ಲ. ನಿನ್ ಕೈ ಇದೆ, ನನ್ ಕಣ್ಣಿದೆ. ನಾನು ಪಕ್ಕದಲ್ಲೇ ಕೂತ್ಕೋತೀನಿ," ಎಂದು, ನಾನು ಅತ್ತುಬಿಡುತ್ತೇನೆಂದು ಗೊತ್ತಾಗಿ, "ಮೊದ್ಲು ತುಂಡು!" ಎಂದು ಗದರಿದಳು.

ಈಗಿನ ಸ್ಥಿತಿಯನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಸ್ವೆಟರು ಒಣಗಿದೊಡನೆ ತಾವು ಮೊದಲಿನಂತೆಯೇ ಎದ್ದು ಕೂತು ಜಡೆಯನ್ನು ಮತ್ತೆ ನುಂಗಿದ್ದೀರಿ. ಬಿಚ್ಚಲು ಅಕ್ಕ ಒಪ್ಪಲಿಲ್ಲ. ಅದನ್ನೇ ತೊಟ್ಟು ಬೀದಿಯಲ್ಲಿ ಓಡಾಡುತ್ತಾಳೆ, ಎದುರಾದವರ ಕೈ ಹಿಡಿದು, "ಬೆರಳಿಟ್ಟು ನೋಡಿ, ಒಳಗೆ ಜಡೆ ಇದೆ. ನನ್ ತಂಗಿ ಹೆಣೆದಿದ್ದು," ಎನ್ನುತ್ತಾಳೆ, ಆಮೇಲೆ ಅವರು ತೊಟ್ಟ ಸ್ವೆಟರನ್ನು ಮೇಲಿಂದ ಕೆಳಗೆ ನೋಡಿ ಅದರ ತಪ್ಪುಗಳನ್ನೆಲ್ಲ ಹೇಳಿ ಕಳಿಸುತ್ತಾಳೆ. ಬೀದಿಯವರಿಗೆ ಇದರಿಂದ ಕೊಂಚ ತೊಂದರೆಯಾಗಿದೆ. ಆಸರೆ ತಪ್ಪಿದ ಬಟಾಣಿ ಬಳ್ಳಿ ಕುಂಡದಿಂದ ಕೆಳಗೆ ಜೋತು ಬಿದ್ದಿದೆ. ಅದರ ದೂರು ಪ್ರತ್ಯೇಕವಾಗಿ ಬರಬಹುದು.

ಹೀಗೆಲ್ಲ ಆದ ಮೇಲೆ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸೌಜನ್ಯವೆಂದು ತಮಗೆ ಅನಿಸಬಹುದು. ಕ್ಷಮಿಸಬೇಕು, ನಮ್ಮ ವಿಭಾಗದಲ್ಲಿ ಅಂಥ ಪದ್ಧತಿ ಇಲ್ಲ. ತಮ್ಮ ವಿರುದ್ಧದ ಈ ದೂರಿನ ಮೇಲೆ ನಾನೇ ನನ್ನ ಕೈಯಾರೆ 'ಪರಿಶೀಲನೆಯಲ್ಲಿದೆ' ಎಂದು ಒತ್ತಿ ಇಟ್ಟಿದ್ದೇನೆ. ಮುದ್ರೆಯ ಕೆಳಗೆ ತಮ್ಮ ಗಡ್ಡ ಸ್ಪಷ್ಟವಾಗಿ ಮೂಡಿದೆ.

ಚಹಾದ ಲೋಟದಿಂದ ತಮ್ಮ ಕೂದಲನ್ನು ಇನ್ನೂ ಆರಿಸಿ ತೆಗೆಯುತ್ತಿರುವ,

ತಮ್ಮ ವಿಶ್ವಾಸಿ,
ಮೂಲೆಯ ಕಿಟಕಿಯಾಕೆ
(ಸ್ವೆಟರಕ್ಕನ ತಂಗಿ)

ಮರೆತ ಮಾತು: ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. "ಮೇಕೆಗ್ಯಾಕೆ ಬೈತೀಯೇ? ಅದು ತನ್ ಚಳಿಗೆ ತಾನು ಬೆಳೆಸ್ಕೊಂಡಿತ್ತು. ಜಡೆ ಹಾಕು ಅಂತ ನಿನ್ನ ಕೇಳ್ತಾ?" ಎಂದಳು. ಅವಳ ಮಾತಿಗೆ ಗೌರವ ಕೊಟ್ಟು, ಮೇಲೆ ಬರೆದದ್ದನ್ನೆಲ್ಲ ತಾವು ತಿಂದುಬಿಡಬಹುದು. ಹೊಸ ಸ್ವೆಟರಿಗೆ ಕುರಿಯವರ ನುಣುಪು ನೂಲೇ ಆಗಬೇಕೆಂದು ಅಕ್ಕ ತೀರ್ಮಾನಿಸಿದ್ದಾಳೆ. ತುಂಡು ಹೆಣೆದು ಗೋಡೆಗೆ ಚುಚ್ಚಿದ್ದೇವೆ, ಬಾಗಿಲಿನಿಂದ ಜಡೆ ಚೆನ್ನಾಗಿ ಕಾಣುತ್ತದೆ. ಕುತ್ತಿಗೆಗೆ ಚುಚ್ಚದಿರಲೆಂದು ಕೊರಳಪಟ್ಟಿಯ ಒಳಬದಿಗೆ ಮಾತ್ರ ತಮ್ಮ ನೂಲನ್ನು ಬಳಸಬೇಕೆಂದು ಅವಳ ಅಪ್ಪಣೆಯಾಗಿದೆ. ಅಲ್ಲಿ ಜಡೆ ಇಲ್ಲ, ಯಾರೂ ನೋಡುವುದೂ ಇಲ್ಲ. ತಾವು ಅಲ್ಲಿ ಕೂತು ನಗುತ್ತಿರಬಹುದು.